ಝೆರಾಕ್ಸ್ ಮಶಿನ್ನಿನ ಕರಿ ಗೆರೆ

ಯಂತ್ರಗಳ ಮುಂದೆ ನಿಂತರೆ ನನಗೆ ಯಾವಾಗಲೂ ಒಂದು ದಿಗಿಲು. ಮನುಷ್ಯರು ಸಿಟ್ಟು ಬಂದರೆ ಬೈಯುತ್ತಾರೆ, ಬೇಜಾರಾದರೆ ಮುಖ ಊದಿಸಿಕೊಳ್ಳುತ್ತಾರೆ. ಯಂತ್ರ ಮಾತ್ರ ಏನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಆಲಮೇಲದ ನಮ್ಮ ಹೈಸ್ಕೂಲಿನ ಝೆರಾಕ್ಸ್ ಮಶಿನ್ ನನ್ನ ಕೊರಳಿಗೇ ಬಿದ್ದಿದೆ. ಗಣಿತ ಕಲಿಸುವವನಿಗೆ ಯಂತ್ರವೂ ತಿಳಿಯುತ್ತದೆ ಎಂದು ನಮ್ಮ ಹೆಡ್‌ಮಾಸ್ತರರು ಯಾವ ಸೂತ್ರದಿಂದ ಕಂಡುಹಿಡಿದರೋ ದೇವರೇ ಬಲ್ಲ. ನನ್ನ ಹೆಂಡತಿಯನ್ನು ಕೇಳಿದ್ದರೆ ನಿಜ ಗೊತ್ತಾಗುತ್ತಿತ್ತು. ನಾನು ಮಿಕ್ಸಿ ರಿಪೇರಿ ಮಾಡಿದಂದಿನಿಂದ ಆಕೆ ಚಟ್ನಿಯನ್ನು ಕಲ್ಲಿನಲ್ಲೇ ಅರೆಯುತ್ತಿದ್ದಾಳೆ.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಗಣಿತದ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯಬೇಕಾದ ಬೆಳಿಗ್ಗೆಯೇ ಮಶಿನ್ ಕೈಕೊಟ್ಟಿತು. ಪ್ರತಿ ಹಾಳೆಯ ಮೇಲೂ ತುದಿಯಿಂದ ಬುಡದವರೆಗೆ ಒಂದು ಕರಿ ಗೆರೆ! ಹೆಡ್‌ಮಾಸ್ತರರು ಬಗ್ಗಿ ನೋಡಿ, "ಏನ್ರಿ ಮಾಸ್ತರ, ಹುಡುಗರು ಗಣಿತದಾಗ ಬಿದ್ರ ಐತವಾರನೂ ನೀವು ಸಾಲಿಗೆ ಬರಬೇಕಾಕೈತಿ ನೋಡ್ರಿ" ಎಂದು ಹೋದರು. ನನಗೆ ಉಳಿದಿರುವ ಒಂದೇ ಸುಖ ಐತವಾರದ ರಜೆಯ ನಿದ್ದೆ. ಅದಕ್ಕೂ ಕುತ್ತು ಬಂತು.

ಯಾರೋ ಟೋನರ್ ಎಂಬ ಕರಿಪುಡಿಯ ಡಬ್ಬಿ ಜಾಡಿಸಿ ಎಂದರು. ಜಾಡಿಸಿದೆ, ಬಿಳಿ ಅಂಗಿ ಕಪ್ಪಾಯಿತು, ಗೆರೆ ಹೋಗಲಿಲ್ಲ. ಗಾಜು ಒರೆಸಿದೆ, ಕರವಸ್ತ್ರ ಹಾಳಾಯಿತು, ಗೆರೆ ಇನ್ನೂ ಹೊಳೆಯಿತು. ಆಫೀಸಿನ ಕ್ಲರ್ಕ್ ಶಾಂತಾಬಾಯಿ ನಿಟ್ಟುಸಿರು ಬಿಟ್ಟು, "ಹ್ವಾದ ಅಮಾಸಿಗೆ ಒಂದ ಕಾಯಿ ಒಡದ್ವಿರಿ ಸರ. ಎರಡು ಒಡೀಬೇಕಿತ್ತೇನೋ" ಎಂದರು. ನಮ್ಮಲ್ಲಿ ಅಮಾವಾಸ್ಯೆಗೊಮ್ಮೆ ಮೋಟರ್ ಸೈಕಲ್ಲಿನ ಜೊತೆ ಮಶಿನ್ನಿಗೂ ವಿಭೂತಿ, ಊದುಬತ್ತಿ, ಕಾಯಿ. ಮುಚ್ಚಳ ಎತ್ತಿ, ಒಡೆದ ಕಾಯಿಯ ನೀರನ್ನು ಭಕ್ತಿಯಿಂದ ಒಳಗೂ ಹೊರಗೂ ಚಿಮುಕಿಸುವವರೂ ಅವರೇ.

ಕೊನೆಗೆ ಸಿಂದಗಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಸರ, ಮುಚ್ಚಳ ಎತ್ತಿ ಹಾಳಿ ಗಾಜಿನ ಮ್ಯಾಲ ಇಟ್ಟು ತಗೀರಿ. ಗೆರಿ ಬರತೈತೇನು ನೋಡಿ ಹೇಳ್ರಿ" ಎಂದ. ತೆಗೆದೆ. ಸ್ವಚ್ಛ! ಸಂತೋಷದಲ್ಲಿ ಅವನಿಗೆ ಏನನ್ನೂ ಹೇಳದೆ ಫೋನ್ ಕಟ್ ಮಾಡಿ, ಮೂಲ ಹಾಳೆಗಳನ್ನು ಎಂದಿನಂತೆ, ತಾನೇ ಒಂದೊಂದಾಗಿ ಒಳಗೆಳೆದುಕೊಳ್ಳುವ ಮೇಲಿನ ತಟ್ಟೆಗೆ ಹಾಕಿ, ಇಡೀ ತರಗತಿಗೆ ಬೇಕಾದಷ್ಟು ಪ್ರತಿಗೆ ಗುಂಡಿ ಒತ್ತಿ ಚಹಾಕ್ಕೆ ಹೋದೆ. ಬಂದು ನೋಡಿದರೆ ಎಲ್ಲ ಹಾಳೆಗಳಲ್ಲೂ ಗೆರೆ, ಕಾಗದ ಖಾಲಿ, ಹೊರಗೆ ಪರೀಕ್ಷೆಯ ಗಂಟೆ ಹೊಡೆಯುತ್ತಿದೆ. ಅದೇ ಹಾಳೆ, ಅದೇ ಮಶಿನ್. ಕೈಯಿಂದ ಇಟ್ಟರೆ ಗೆರೆ ಇಲ್ಲ, ಮೇಲಿನಿಂದ ಬಿಟ್ಟರೆ ಇದೆ. ಇದೆಂಥ ಮಾಯೆಯಪ್ಪಾ!

ಪರೀಕ್ಷಾ ಕೋಣೆಗೆ ಹೋಗಿ, "ನಡುವ ಒಂದು ಗೆರಿ ಬಂದೈತಿ. ಅದು ಮಶಿನ್ನಿಂದು. ಅದು ಇಲ್ಲ ಅಂತ ತಿಳಕೊಂಡು ಬರೀರಿ" ಎಂದು ಸಾರಿಬಿಟ್ಟೆ.

ಮಧ್ಯಾಹ್ನ ಮೆಕ್ಯಾನಿಕ್ ಬಂದು ತೋರಿಸಿದ. ಮೇಲಿನಿಂದ ಬಿಟ್ಟ ಹಾಳೆ ದೊಡ್ಡ ಗಾಜಿನ ಮೇಲೆ ಹೋಗುವುದೇ ಇಲ್ಲವಂತೆ. ಪಕ್ಕದ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಹಾಯುತ್ತದಂತೆ. ಆ ಪಟ್ಟಿಯ ಮೇಲೆ ಕಾಯಿನೀರಿನ ಹನಿಯೊಂದು ಒಣಗಿ ಕೂತಿತ್ತು. ಅದರ ಮೇಲೆ ಹಾಯ್ದ ಹಾಳೆಗೆಲ್ಲ ಅದೇ ಗೆರೆ. ಶಾಂತಾಬಾಯಿ ಅಮಾವಾಸ್ಯೆಯ ಸುದ್ದಿ ಎತ್ತದೆ ಹಾಜರಿ ಪುಸ್ತಕ ತಿರುವತೊಡಗಿದರು.

ಉತ್ತರಪತ್ರಿಕೆ ತಿದ್ದಲು ಕೂತಾಗ ನನಗೆ ಮತ್ತೆ ಗೊಂದಲ. ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ನಾನೇ ತ್ರಿಕೋನ ಬಿಡಿಸಿ, ಸ್ಕೇಲ್ ಸಿಗದೆ ಅದರ ಲಂಬವನ್ನು ಬರಿಗೈಯಲ್ಲೇ ಎಳೆದಿದ್ದೆ. ಮಶಿನ್ನಿನ ಗೆರೆ ಅದರ ಪಕ್ಕದಲ್ಲೇ ಇಳಿದಿತ್ತು. ಇಡೀ ತರಗತಿ ನನ್ನ ಲಂಬವನ್ನು ಬಿಟ್ಟು ಮಶಿನ್ನಿನ ಗೆರೆಯನ್ನು ಹಿಡಿದು ಲೆಕ್ಕ ಮಾಡಿತ್ತು! ಎಲ್ಲರಿಗಿಂತ ಜಾಣೆ ಮಹಾದೇವಿಯನ್ನು ಕರೆದು, "ಯಾಕವ್ವಾ, ನೀನೂ ಹಿಂಗ ಮಾಡೀಯಲ್ಲ?" ಎಂದೆ.

"ಒಂದು ಗೆರಿ ಸೊಟ್ಟ ಇತ್ರಿ ಸರ, ಒಂದು ನೆಟ್ಟಗಿತ್ರಿ. ನೀವು ಗಣಿತದ ಸರ ಅದೀರಿ. ನೆಟ್ಟಗಿದ್ದದ್ದು ನಿಮ್ದ ಇರಬೇಕಂತ ಎಲ್ಲಾರೂ ತಿಳದ್ವಿರಿ."

ಇಷ್ಟು ಮರ್ಯಾದೆ ಕೊಟ್ಟ ಮಕ್ಕಳ ಮಾರ್ಕು ಕಡಿಯುವುದು ಹೇಗೆ? ಎಲ್ಲರಿಗೂ ಪೂರ್ತಿ ಕೊಟ್ಟೆ. ಯಾರೂ ಬೀಳಲಿಲ್ಲ, ನನ್ನ ಐತವಾರ ಉಳಿಯಿತು. ಈಗ ಐತವಾರಕ್ಕೊಮ್ಮೆ ಮನೆಯ ಬಾಗಿಲು ಹಾಕಿಕೊಂಡು ನೆಟ್ಟಗೆ ಗೆರೆ ಎಳೆಯುವುದನ್ನು ಕಲಿಯುತ್ತಿದ್ದೇನೆ.