ವಿಮಾನದ ಗಾಲಿಗೆ ನಿಂಬೆಹಣ್ಣು

ನಿಜಾಮರ ಕಾಲದ ಚಿತ್ತಾಪುರದಲ್ಲಿ ಮೋಟಾರು ಇಟ್ಟುಕೊಂಡ ವಕೀಲ ನಾನೊಬ್ಬನೇ. ದಿನಾ ಬೆಳಿಗ್ಗೆ ಅದರ ಮೂತಿಗೆ ಹ್ಯಾಂಡಲ್ ತೂರಿಸಿ ತಿರುವಿ ತಿರುವಿ, ಎಂಜಿನ್ ಎಂಬ ಪ್ರಾಣಿಯ ಸ್ವಭಾವವೆಲ್ಲ ನನಗೆ ತಿಳಿದುಹೋಗಿದೆ ಎಂದು ನಂಬಿದ್ದೆ. ಮೋಟಾರು ಮಾತ್ರ ಅದನ್ನು ಒಪ್ಪಿರಲಿಲ್ಲ. ಎಷ್ಟೋ ಸಲ ಅದು ಕಚೇರಿಗೆ ಬರುತ್ತಿದ್ದದ್ದು ಎತ್ತುಗಳ ಹಿಂದೆ!

ಜೋಳದ ರಾಶಿ ಮುಗಿದ ದಿನಗಳು. ಊರ ಹೊರಗಿನ ಹೊಲದಲ್ಲಿ ಒಂದು ಪುಟ್ಟ ವಿಮಾನ ಇಳಿಯಿತು. ಸೊಲ್ಲಾಪುರದ ಕಡೆಯಿಂದ ರೈಲು ಹಳಿ ನೋಡಿಕೊಂಡು ಹಾರುತ್ತಿದ್ದ ಹೈದರಾಬಾದಿನ ತರುಣ ಸಾಹೇಬರೊಬ್ಬರಿಗೆ ವಾಡಿ ಜಂಕ್ಷನ್ನಿನಲ್ಲಿ ಹಳಿ ಎರಡಾದ ಕೂಡಲೇ ಅನುಮಾನ ಬಂತಂತೆ. ಇಳಿದವರೇ ಕೇಳಿದರು: "ಇದು ಹೈದರಾಬಾದಿನ ಹಳಿಯೋ, ರಾಯಚೂರಿನದೋ?"

"ಹೈದರಾಬಾದಿನ ಹಳಿ" ಎಂದು ಊರಿಗೆ ಊರೇ ಉತ್ತರ ಕೊಟ್ಟಿತು.

ಅಷ್ಟರಲ್ಲಿ ಎಂಜಿನ್ ನಿಂತಿತ್ತು. ಮತ್ತೆ ಹೊರಡಬೇಕಾದರೆ ಮುಂದಿನ ಪಂಖವನ್ನು ಕೈಯಿಂದಲೇ ತಿರುವಬೇಕು. ಆಗ ಒಳಗೊಬ್ಬರು ಕೂತು ಬಟನ್ ಹಾಕಬೇಕು. "ಎಂಜಿನ್ ಬಲ್ಲವರು ಯಾರಾದರೂ ಕೂತರೆ, ಅವರಿಗೆ ಊರ ಮೇಲೊಂದು ಸುತ್ತು ಹಾರಿಸುತ್ತೇನೆ" ಎಂದರು ಸಾಹೇಬರು. ಜನ ನನ್ನ ಕಡೆ ತಿರುಗುವ ಮೊದಲೇ ನಾನು ಹಾಜರಾಗಿದ್ದೆ. ನನ್ನ ಮೋಟಾರು ಕಂಡರೆ ನಗುವ ಕಚೇರಿಯ ಮಂದಿಯನ್ನೆಲ್ಲ ಒಮ್ಮೆ ಆಕಾಶದಿಂದ ಕೆಳಗೆ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ!

ಸದರಿ ಸಾಹೇಬರು ತಮ್ಮ ಶುದ್ಧ ಉರ್ದುವಿನಲ್ಲಿ ಷರತ್ತುಗಳನ್ನು ವಿಧಿಸಿದರು. ಎರಡೂ ಗಾಲಿಗಳ ಮುಂದೆ ದಪ್ಪ ಕಲ್ಲು ಇಡಬೇಕು. ಪಂಖದ ಮುಂದೆ ನರಪಿಳ್ಳೆಯೂ ನಿಲ್ಲಬಾರದು. ತಾವು ಕೂಗುವ ತನಕ ಬಟನ್ ಮುಟ್ಟಬಾರದು. ಎಂಜಿನ್ನಿಗೆ ಎಣ್ಣೆ ಬಿಡುವ ಹಿಡಿಕೆಯನ್ನು ಗೋಧಿಕಾಳಿನಷ್ಟು ಮಾತ್ರ ಸರಿಸಬೇಕು. ಏನೇ ಗಡಿಬಿಡಿಯಾದರೂ ಮೊದಲು ಬಟನ್ ಬಂದ್!

"ಮಂಜೂರ್" ಎಂದೆ. ಶಹಾಬಾದಿ ಕಲ್ಲಿನ ಎರಡು ದಪ್ಪ ತುಂಡುಗಳನ್ನು ತರಿಸಿ ನಾನೇ ನಿಂತು ಗಾಲಿಗಳ ಮುಂದೆ ಇಡಿಸಿದೆ.

ಷರತ್ತುಗಳನ್ನೆಲ್ಲ ಜನರ ನಡುವೆ ನಿಂತು ಕೇಳಿದ್ದ ನನ್ನ ಹೆಂಡತಿ ನೀಲಮ್ಮ ಆರತಿ ತಟ್ಟೆ ಹಿಡಿದು ಮುಂದೆ ಬಂದಳು. ಮಂಗಳಾರತಿ ಮಾಡುವವಳ ಮುಖವಲ್ಲ ಅದು.

"ಏನ್ರೀ, ಮನ್ಯಾಗಿನ ಮೋಟರ್ ಚಾಲೂ ಮಾಡ್ಲಿಕ್ಕ ಬರೋದಿಲ್ಲ, ಇದನ್ನೇನು ಮಾಡ್ಲಿಕತ್ತೀರಿ?"

"ಸುಮ್ಮನಿರು. ಇದರಾಗೂ ಎಂಜಿನ್ನೇ ಅದ, ಅದರಾಗೂ ಎಂಜಿನ್ನೇ ಅದ."

"ಅದು ಕೈ ಕೊಟ್ಟರ ಎತ್ತು ಎಳೀತಾವ. ಇದು ಮ್ಯಾಲ ಹೋಗಿ ಕೈ ಕೊಟ್ಟರ?"

ವಿಷಯ ಬದಲಿಸಲು ತಟ್ಟೆಯಲ್ಲಿದ್ದ ಎರಡು ನಿಂಬೆಹಣ್ಣು ಎತ್ತಿಕೊಂಡೆ. ಗಾಡಿ ಹೊರಡುವಾಗ ಗಾಲಿಗೆ ನಿಂಬೆಹಣ್ಣು ಕೊಡುವುದು ನಮ್ಮ ಪದ್ಧತಿ. ಗಾಲಿ ಅದನ್ನು ಜಜ್ಜಿಕೊಂಡು ಹೋದರೆ ದೃಷ್ಟಿ ಹೋಯಿತು ಎಂದರ್ಥ. ನನ್ನ ಮೋಟಾರಿಗೆ ತಪ್ಪದ ಈ ಮರ್ಯಾದೆ ವಿಮಾನಕ್ಕೆ ಬೇಡವೇ? ಆದರೆ ಗಾಲಿಯ ಮುಂದೆ ಕಲ್ಲಿದ್ದರೆ ಹಣ್ಣು ಜಜ್ಜುವುದಾದರೂ ಹೇಗೆ? ಸಾಹೇಬರು ನಕ್ಷೆಯಲ್ಲಿ ಮುಖ ಹುದುಗಿಸಿದ್ದಾಗ ಕಲ್ಲುಗಳನ್ನು ಮೆಲ್ಲಗೆ ಬದಿಗೆ ಸರಿಸಿ, ಆ ಜಾಗದಲ್ಲಿ ನಿಂಬೆಹಣ್ಣು ಇಟ್ಟು ಕೈ ಮುಗಿದೆ.

ಒಳಗೆ ಕೂತೆ. ಮುಂಜಾನೆಯ ಥಂಡಿಗೆ ನನ್ನ ಮೋಟಾರು ಎಣ್ಣೆ ಹೆಚ್ಚು ಕುಡಿಸದೆ ಮಾತೇ ಆಡುವುದಿಲ್ಲ. ಹಾರುವ ಎಂಜಿನ್ನಿಗೆ ಗೋಧಿಕಾಳಿನಷ್ಟು ಎಲ್ಲಿ ಸಾಲುತ್ತದೆ ಎಂದು ಕರುಣೆ ಬಂತು. ಹಿಡಿಕೆಯನ್ನು ತುದಿಯವರೆಗೆ ನೂಕಿದೆ!

ಸಾಹೇಬರು ಕೂಗಿದರು. ಬಟನ್ ಹಾಕಿದೆ. ಅವರು ಪಂಖ ಎಳೆದರು.

ಮುಂದಿನದು ಕ್ಷಣಾರ್ಧದಲ್ಲಿ ನಡೆಯಿತು. ಎಂಜಿನ್ ಗುಡುಗಿತು. ನಿಂಬೆಹಣ್ಣುಗಳು ಶಾಸ್ತ್ರೋಕ್ತವಾಗಿ ಜಜ್ಜಿಹೋದವು. ಸಾಹೇಬರು ಬದಿಗೆ ಹಾರಿ ಮಣ್ಣಿನಲ್ಲಿ ಉರುಳಿದರು. ನನ್ನ ಜರಿ ರುಮಾಲು ಬಿಚ್ಚಿಕೊಂಡು ಗಾಳಿಪಾಲಾಯಿತು. ನಾನು ಕಾಲಡಿಯ ಯಾವುದೋ ಪಟ್ಟಿಯನ್ನು ಹೆದರಿ ಒತ್ತಿ ಹಿಡಿದದ್ದರಿಂದ ವಿಮಾನ ಗಾಣದ ಎತ್ತಿನಂತೆ ಹೊಲವನ್ನು ಸುತ್ತತೊಡಗಿತು. ಜನ ದಿಕ್ಕಾಪಾಲು! "ಹೋ... ಹೋ..." ಎಂದು ಎತ್ತಿಗೆ ಹೇಳುವಂತೆ ಹೇಳಿದೆ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. "ಠೈರೋ!" ಎಂದೆ. ಉರ್ದುವೂ ಬರಲಿಲ್ಲ. ಎದುರಿಗೆ ಜೋಳದ ಕಣಿಕೆಯ ಬಣವೆ ದೊಡ್ಡದಾಗುತ್ತ ಬಂತು.

"ಬಟನ್ ಬಂದ್ ಮಾಡ್ರೀ! ಬಟನ್!" ನೀಲಮ್ಮನ ದನಿ ಎಂಜಿನ್ನಿನ ಗದ್ದಲವನ್ನೂ ಸೀಳಿ ಬಂತು. ನಮ್ಮ ಮನೆಯಲ್ಲಿ ಆ ದನಿಗೆ ಅಪೀಲಿಲ್ಲ. ಬಂದ್ ಮಾಡಿದೆ. ವಿಮಾನ ಬಣವೆಗೆ ಮೂಗು ತಾಗುವಂತೆ ನಿಂತಿತು.

ಸಾಹೇಬರು ಮಣ್ಣು ಕೊಡವಿಕೊಳ್ಳುತ್ತ ಬಂದರು. ಬೈಯಲಿಲ್ಲ. ಅವರ ಅಂಗಿಯ ತೋಳು ಹರಿದಿತ್ತು. ಅದನ್ನು ನೋಡಿದಾಗಲೇ ನನಗೆ ಅರಿವಾಯಿತು. ಆ ಪಂಖ ಒಂದು ಗೇಣು ಮುಂದೆ ಬಂದಿದ್ದರೆ ಈ ಹುಡುಗನ ತಾಯಿಗೆ ನಾನು ಏನು ಹೇಳುತ್ತಿದ್ದೆ? ಕ್ಷಮೆ ಕೇಳುತ್ತ ಕೈ ಮುಗಿದೆ.

ಅವರು ಜಜ್ಜಿದ ನಿಂಬೆಹಣ್ಣನ್ನೂ, ಬದಿಯಲ್ಲಿ ಬಿದ್ದಿದ್ದ ಕಲ್ಲನ್ನೂ ನೋಡಿದರು. ಆಮೇಲೆ ನನ್ನನ್ನು ದಾಟಿ ನೀಲಮ್ಮನ ಮುಂದೆ ನಿಂತರು. "ಬಾಯಿಸಾಹೇಬರೇ, ನನಗೆ ಎಂಜಿನ್ ಬಲ್ಲವರು ಬೇಡ. ಹೇಳಿದಷ್ಟು ಮಾಡುವವರು ಬೇಕು. ನೀವು ಕೂತುಕೊಳ್ಳುತ್ತೀರಾ?"

"ನಾ ಒಲ್ಲೆ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಹತ್ತಿಯೇಬಿಟ್ಟಳು!

ವಿಮಾನವನ್ನು ತಿರುಗಿಸಿ ನಿಲ್ಲಿಸಿದ್ದಾಯಿತು. ಈ ಸಲ ಕಲ್ಲುಗಳಿಗೆ ಉದ್ದನೆಯ ಹಗ್ಗ ಕಟ್ಟಲಾಯಿತು. ಪಂಖದ ಹತ್ತಿರ ಸುಳಿಯದೆ, ರೆಕ್ಕೆಯ ಹಿಂದೆ ನಿಂತು, ಸನ್ನೆ ಮಾಡಿದಾಗ ಹಗ್ಗ ಎಳೆಯುವುದು. ಎಂಜಿನ್ ಶಾಸ್ತ್ರ ಬಲ್ಲ ನನಗೆ ದೊರೆತ ಹುದ್ದೆ ಅದು. ನೀಲಮ್ಮ ಗೋಧಿಕಾಳಿನಷ್ಟೇ ಸರಿಸಿದಳು, ಕೂಗಿದಾಗಲೇ ಬಟನ್ ಹಾಕಿದಳು. ಎಂಜಿನ್ ವಿಧೇಯವಾಗಿ ಗುನುಗಿತು. ಸಾಹೇಬರು ಹಿಂದಿನ ಕುರ್ಚಿಗೆ ಹತ್ತಿ ಸನ್ನೆ ಮಾಡಿದರು. ನಾನು ಹಗ್ಗ ಎಳೆದೆ. ನನಗೆ ಸಲ್ಲಬೇಕಿದ್ದ ಸುತ್ತು ನನ್ನ ಬೋಳುತಲೆಯ ಮೇಲೆಯೇ ಹಾದುಹೋಯಿತು. ಕಚೇರಿಯ ಮಂದಿಯೆಲ್ಲ ಆಕಾಶ ನೋಡಿ ಚಪ್ಪಾಳೆ ಹೊಡೆದರು. ಹೊಟ್ಟೆಯುರಿ ತಡೆಯಲಾರದೆ ನಾನೂ ಹೊಡೆದೆ.

ಅವಳನ್ನು ಇಳಿಸಿ ಸಾಹೇಬರು ಹೈದರಾಬಾದಿನ ಹಳಿ ಹಿಡಿದರು. ಮನೆಗೆ ಬರುವಾಗ ದಾರಿಯಲ್ಲಿ ತಡೆಯದೆ ಕೇಳಿದೆ, "ಮ್ಯಾಲಿಂದ ನಾ ಕಂಡ್ನೇನ?"

"ಕಂಡ್ರಲ್ಲ."

"ಹ್ಯಾಂಗ ಕಂಡೆ?"

ನೀಲಮ್ಮ ಹೇಳಿದಳು, "ಒಂದು ನಿಂಬಿಹಣ್ಣಿನಷ್ಟು!"

ಪಾಟೀಸವಾಲು ಹಾಕಲಿಲ್ಲ. ಬೋಳುತಲೆ ಸವರಿಕೊಂಡೆ. ಸಾಕ್ಷಿ ನಿಜವನ್ನೇ ನುಡಿದಿದ್ದಳು.