ಇಂಜಿನ್ ಮಾತ್ರ ಗಟ್ಟಿ

ನಲವತ್ತು ದಾಟಿದ ಗಂಡಸು ತನಗಾಗಿ ಏನನ್ನಾದರೂ ಕೊಳ್ಳಲು ಹೊರಟರೆ ಮನೆಯವರಿಗೆ ಮೊದಲು ಅನುಮಾನ ಬರುತ್ತದೆ, ಆಮೇಲೆ ಅಭಿಪ್ರಾಯ. ಅನುಮಾನವನ್ನಾದರೂ ಸಹಿಸಬಹುದು. ನಾನು ಉಪ್ಪುಂದದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಹಗಲೆಲ್ಲ ಬೇರೆಯವರ ಅರ್ಜಿ ತಿದ್ದಿ ಸಂಜೆ ಮನೆಗೆ ಬಂದರೆ ಟಿವಿ ಹೆಂಡತಿಯದು, ಜಗಲಿ ಅಪ್ಪಯ್ಯನದು, ನನ್ನ ಮೊಬೈಲು ಮಗಳದು. ನನ್ನದು ಅಂತ ಒಂದು ಗಂಟೆ ಬೇಕಿತ್ತು. ಆ ಒಂದು ಗಂಟೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡಬೇಕೆಂಬುದು ನನ್ನ ಆಸೆ. ನಗಬೇಡಿ. ಹಳೆಯ ಸ್ಕೂಟರಿನಲ್ಲಿ ಹೆದ್ದಾರಿಯ ಅಂಚು ಹಿಡಿದುಕೊಂಡೇ ಅರ್ಧ ಆಯುಷ್ಯ ಕಳೆದವನಿಗೆ ಒಮ್ಮೆಯಾದರೂ ಯಾರನ್ನಾದರೂ ಹಿಂದೆ ಹಾಕಬೇಕು ಅನ್ನಿಸುವುದು ಅಪರಾಧವಲ್ಲ.

ಕಡಿಮೆ ದುಡ್ಡಿನಲ್ಲಿ ಆಟದ ಕಂಪ್ಯೂಟರ್ ಆಗಬೇಕಾದರೆ ಬಿಡಿಭಾಗಗಳನ್ನು ನಾವೇ ಆರಿಸಿ ಜೋಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ವಿಡಿಯೊ ನೋಡಿ ನಾನು ಕಲಿತದ್ದಿಷ್ಟು: ಪ್ರೊಸೆಸರ್ ಸಾಧಾರಣದ್ದು ಸಾಕು, ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರಬೇಕು, ಇಲ್ಲದಿದ್ದರೆ ಆಟ ಕುಂಟುತ್ತದೆ. ಇಷ್ಟು ತಿಳಿದವನು ಒಬ್ಬನೇ ಕುಂದಾಪುರಕ್ಕೆ ಹೋಗಿ ಬರಬೇಕಿತ್ತು. ಆದರೆ ನಮ್ಮದು ಮೀನು ಹಿಡಿಯುವ ದೋಣಿಯ ಮನೆ. ಯಂತ್ರ ಅಂತ ಏನೇ ತರುವುದಿದ್ದರೂ ಪಾಲುದಾರರು ಒಟ್ಟಿಗೆ ಹೋಗಬೇಕು, ಹಿರಿಯರು ಕಿವಿಗೊಟ್ಟು ಸದ್ದು ಕೇಳಿ ಹೂಂ ಅನ್ನಬೇಕು. ಮನೆಗೆ ಮಿಕ್ಸಿ ಬಂದದ್ದೂ ಹಾಗೆಯೇ. ಹಾಗಾಗಿ ಅಪ್ಪಯ್ಯ ಹೊರಟರು, ಅವರ ಜೊತೆ ದೋಣಿಯಲ್ಲಿ ಪಾಲಿರುವ ಶೇಖರ ಮಾವನೂ ಹೊರಟರು. ಕಂಪ್ಯೂಟರ್ ಬೇಕಾಗಿದ್ದ ನಾನು ಬಸ್ಸಿನಲ್ಲಿ ನಿಂತುಕೊಂಡು ಹೋದೆ.

ಅಂಗಡಿಯವನು ಒಂದೊಂದೇ ಪೆಟ್ಟಿಗೆ ಬಿಚ್ಚಿಟ್ಟ. ಅಪ್ಪಯ್ಯ ಕನ್ನಡಕ ಏರಿಸಿ, "ಹ್ವಾಯ್, ಇದ್ರಗೆ ಇಂಜಿನ್ ಯಾವ್ದ್?" ಎಂದರು. ಅವನು ಪ್ರೊಸೆಸರ್ ತೋರಿಸಿದ. ಅಂಗೈಯಲ್ಲಿ ಮುಚ್ಚಿಹೋಗುವ ಆ ಚೂರನ್ನು ನೋಡಿ ಇಬ್ಬರಿಗೂ ಅವಮಾನವಾದಂತಾಯಿತು. "ಇದ್ಕಿಂತ ದೊಡ್ಡದ್ ತೆಗಿ" ಎಂದರು ಮಾವ. ನಾನು ಕಾರ್ಡನ್ನು ಎತ್ತಿಕೊಂಡು, "ಅಪ್ಪಯ್ಯ, ಮುಖ್ಯ ಇದ್. ಚಿತ್ರ ಬಪ್ದ್ ಇದ್ರಿಂದ್ಲೇ" ಎಂದೆ. ಅವರು ಅದನ್ನು ಈಸಿಕೊಂಡು, ಫ್ಯಾನಿಗೆ ಬೆರಳು ತಾಗಿಸಿ, ಮೇಜಿನ ಮೇಲೆ ಇಟ್ಟುಬಿಟ್ಟರು. "ಬಣ್ಣ ಕಂಡ್ ದೋಣಿ ತಕಂಬುಕಾತ್ತಾ ಮಗಾ? ಇಂಜಿನ್ ಗಟ್ಟಿ ಇದ್ರೆ ಎಂತಾ ಗಾಳಿಗೂ ದಡಕ್ಕೆ ಬತ್ತ್." ಅಂಗಡಿಯವನು ನನ್ನ ಮುಖ ನೋಡಿದ, ಹಿರಿಯರ ಮುಖ ನೋಡಿದ, ಇದ್ದುದರಲ್ಲೇ ದುಬಾರಿ ಪ್ರೊಸೆಸರ್ ತಂದಿಟ್ಟ. ಕಾರ್ಡಿಗೆ ದುಡ್ಡು ಉಳಿಯಲಿಲ್ಲ, ಪ್ರೊಸೆಸರ್ ತಾನೇ ತೋರಿಸುವಷ್ಟು ಚಿತ್ರಕ್ಕೆ ತೃಪ್ತಿಪಡಬೇಕಾಯಿತು. ಜೋಡಿಸಿ ಚಾಲೂ ಮಾಡಿದಾಗ ಅಪ್ಪಯ್ಯ ಡಬ್ಬಿಗೆ ಕಿವಿಯಿಟ್ಟು, "ಸದ್ದೇ ಇಲ್ಲ. ಒಳ್ಳೆ ಇಂಜಿನ್" ಎಂದರು. ಸಮುದ್ರಕ್ಕಿಳಿಯದೆ ಕುರ್ಚಿಯಲ್ಲಿ ಕೂತು ಉಣ್ಣುವ ನನ್ನಂಥವನು ಇಂಜಿನ್ನಿನ ವಿಷಯದಲ್ಲಿ ಬಾಯಿ ಬಿಡುವ ಹಾಗಿಲ್ಲ.

ಆಟದಲ್ಲಿ ನನ್ನ ಕಾರು ಬಿಟ್ಟುಬಿಟ್ಟು ಓಡುತ್ತದೆ. ತಿರುವು ಕಾಣಿಸುವಷ್ಟರಲ್ಲಿ ಗೋಡೆಗೆ ಗುದ್ದಿಯಾಗಿರುತ್ತದೆ. ಬೇರೆಲ್ಲ ಕೆಲಸಕ್ಕೆ ಮಾತ್ರ ಅದು ಮಿಂಚು. ಅಪ್ಪಯ್ಯ ಬಂದರಿನಲ್ಲಿ, "ನಮ್ಮನಿದ್ ಭಾರೀ ಇಂಜಿನ್, ಎಂತ ಅರ್ಜಿ ಇದ್ರೂ ಬನಿ, ಮಗ ಮಾಡಿ ಕೊಡ್ತ" ಎಂದು ಹೇಳಿಕೊಂಡು ಬಂದರು. ಹಗಲು ಸಂಘದಲ್ಲಿ ತಿದ್ದುವ ಅರ್ಜಿಗಳನ್ನೇ ಈಗ ಸಂಜೆ ಮನೆಯಲ್ಲಿ ಪುಕ್ಕಟೆಯಾಗಿ ತುಂಬುತ್ತೇನೆ. ನನ್ನ ಆ ಒಂದು ಗಂಟೆ ಊರಿಗೇ ಸೇರಿತು.

ಮೊನ್ನೆ ನಮ್ಮ ಸಂಘಕ್ಕೆ ಹೆಮ್ಮಾಡಿಯಿಂದ ಕೆಲಸಕ್ಕೆ ಬರುವ ಗಣೇಶ, ನನಗಿಂತ ಕಿರಿಯ, ಊಟದ ಹೊತ್ತಿನಲ್ಲಿ ಪಕ್ಕ ಕೂತು ಮೆಲ್ಲಗೆ, "ನಂಗೂ ಒಂದ್ ಆಟದ ಕಂಪ್ಯೂಟರ್ ಬೇಕಿತ್. ನೀವೊಂದ್ ಸಲ ಅಂಗಡಿಗೆ ಬತ್ರಿಯಾ?" ಎಂದ. ಪಾಪ ಅನ್ನಿಸಿತು. ಈ ನೋವು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ಅಂಗಡಿ, ಅದೇ ಮೇಜು. ಗಣೇಶ ಒಳ್ಳೆಯದೊಂದು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದ್ ಅಕ್ಕಲ್ದಾ?" ಎಂದು ಒಪ್ಪಿಗೆಗಾಗಿ ನನ್ನ ಮುಖ ನೋಡಿದ. ಅವನ ಕಾರು ತಿರುವಿನಲ್ಲಿ ಸುಯ್ಯನೆ ನನ್ನನ್ನು ದಾಟಿ ಹೋದದ್ದು ನನಗೆ ಕಣ್ಣಾರೆ ಕಂಡಂತಾಯಿತು.

"ಕಾರ್ಡ್ ಮತ್ತ್ ಕಾಂಬ" ಎಂದೆ. "ಮೊದ್ಲ್ ಇಂಜಿನ್ ತೋರ್ಸಿ."

ಗಣೇಶ ಕಾರ್ಡನ್ನು ಮೇಜಿನ ಮೇಲಿಟ್ಟ. ಅಂತೂ ಒಬ್ಬನನ್ನಾದರೂ ಹಿಂದೆ ಹಾಕಿದೆ.