ನಾನು ನೋಡದೆ ಬರೆದ ಬೀದರ್

ನೋಡದ ಜಾಗವನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಕಲೆ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಕೆಲವರಿಗೆ ಕಾಶಿಗೆ ಹೋಗಿ ಬಂದವರ ಪಕ್ಕದ ಮನೆಯಲ್ಲಿದ್ದು ಬರುತ್ತದೆ. ನನಗೆ ಬಂದದ್ದು ಮದುವೆಯಾಗಿ ಬೀದರಿಗೆ ಬಂದ ಮೇಲೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಈಗಲೂ ನಾಚುವ ನಾನು ಹಾಳೆಯ ಮುಂದೆ ಮಾತ್ರ ಭಾರಿ ಮಾತುಗಾರ್ತಿ. ಮೊಮ್ಮಕ್ಕಳೇ, ನೀವು ಮೊನ್ನೆ ಕೋಟೆ ಸುತ್ತಿ ಬಂದು, "ಆಯಿ, ನೀ ಎಷ್ಟು ಸಲ ನೋಡೀದಿ?" ಎಂದು ಕೇಳಿದಾಗ ನಾನು ಒಲೆಯ ಕಡೆ ತಿರುಗಿಕೊಂಡೆನಲ್ಲ, ಅದಕ್ಕೆ ಕಾರಣವಿದೆ. ಬಾಯಲ್ಲಿ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ನನ್ನ ತವರು ಔರಾದ ತಾಲ್ಲೂಕಿನ ಡಾಬಕಾ. ಆಗ ನಿಜಾಮರ ಆಳ್ವಿಕೆ, ಸರ್ಕಾರಿ ಶಾಲೆಯಲ್ಲಿ ಉರ್ದು. ನಾನೂ ನನ್ನ ತಂಗಿ ಗಂಗುವೂ ಕನ್ನಡ ಕಲಿತದ್ದು ಗುಡಿಯ ಕಟ್ಟೆಯ ಮೇಲೆ, ಮರಳಲ್ಲಿ ಬೆರಳಾಡಿಸಿ. ನಾಲ್ಕಕ್ಷರ ಬಂದದ್ದೇ ತಡ, ಅಪ್ಪ ನನ್ನನ್ನು ಪಟ್ಟಣಕ್ಕೇ ಕೊಡಬೇಕೆಂದು ಹಟ ಹಿಡಿದ. ಅವ್ವ ಮಾತ್ರ, "ಕುರಿ ಹಿಂಡಿನ ಜೋಡಿ ಬೆಳದಾಕಿ, ಅಲ್ಲಿ ಯಾರ ಜೋಡಿ ಮಾತಾಡ್ತಾಳ?" ಎಂದು ಸೆರಗು ಒದ್ದೆ ಮಾಡಿಕೊಂಡಳು. ಅವಳ ಮಾತು ನಿಜವಾಗಲು ಎಂಟು ದಿನ ಸಾಕಾಯಿತು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಭಾಲ್ಕಿ ಕಡೆಯವರು, ಕಚೇರಿಯಲ್ಲಿ ಗುಮಾಸ್ತರು. ಒಳ್ಳೆಯವರೇ. ಆದರೆ ಮಾತನ್ನು ಔಷಧಿಯಂತೆ ಹೊತ್ತಿಗೊಂದು ಗುಟುಕು ಬಳಸುವವರು. ಕೋಟೆ ತೋರಿಸಿರಿ ಎಂದರೆ, "ಜುಮ್ಮಾ ದಿನ ಹೋಗೋಣ" ಎನ್ನುತ್ತಿದ್ದರು. ಆಗ ಕಚೇರಿಗೆ ಶುಕ್ರವಾರ ರಜೆ. ಅಷ್ಟರಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಕಾಲ ಮುಗಿಯಿತು, ರಜೆ ಆದಿತ್ಯವಾರಕ್ಕೆ ಬಂತು. ಮುತ್ಯಾನ ಮಾತು ಮಾತ್ರ ಶುಕ್ರವಾರದಲ್ಲೇ ಉಳಿಯಿತು. ಹೊಸ ಸೊಸೆ ಒಬ್ಬಳೇ ಬೀದಿಗಿಳಿಯುವ ಕಾಲವೂ ಅಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಒಂದು ಕಿಟಕಿ, ಅದರಲ್ಲಿ ಕೋಟೆಗೋಡೆಯ ತಲೆ ಒಂದು ಗೇಣು. ಅಷ್ಟೇ ನನ್ನ ಬೀದರ್.

ಜೊತೆಗೆಂದು ಇದ್ದವಳು ಪಕ್ಕದ ಮನೆಯ ಖಾಲಾ. ಹಿತ್ತಲ ಗೋಡೆಯಲ್ಲಿ ಎರಡು ಇಟ್ಟಿಗೆ ಬಿದ್ದ ಸಂದಿತ್ತು. ಅಲ್ಲೇ ನಮ್ಮ ಮಾತು. ಪೊಲೀಸ್ ಆಕ್ಷನ್ ಆದಮೇಲೆ ಮುಸಲ್ಮಾನರಿಗೆ ಭಯದ ಕಾಲ, ಅವರ ಬಾಗಿಲು ಹಗಲೂ ಅಗಳಿ ಹಾಕಿಯೇ ಇರುತ್ತಿತ್ತು. ನನಗೆ ಹೊರಗೆ ಹೋಗಲು ಜೊತೆಯಿಲ್ಲ, ಅವಳಿಗೆ ಧೈರ್ಯವಿಲ್ಲ. ಅವಳು ಹುಟ್ಟಿ ಬೆಳೆದದ್ದೆಲ್ಲ ಬೀದರಿನಲ್ಲೇ. "ಕಿಲ್ಲೆದಾಗ ತೋಪ್ ಅದ ಬೇಟಿ, ಆನಿ ಮಲಗಿದಂಗ. ಸಣ್ಣಾಕಿ ಇದ್ದಾಗ ಅದರ ಮ್ಯಾಲಿಂದ ಜಾರಿ ಬಟ್ಟಿ ಹರಕೊಂಡು ಅಮ್ಮಾನ ಕೈಲೆ ಹೊಡತ ತಿಂದೀನಿ" ಎಂದು ಸಂದಿನಲ್ಲಿ ಹೇಳುತ್ತಿದ್ದಳು. ನಾನು ಒಳಗೆ ಬಂದು ಅವ್ವನಿಗೆ ಪತ್ರ ಬರೆಯುತ್ತಿದ್ದೆ: "ನಿನ್ನೆ ಕೋಟೆಗೆ ಹೋಗಿದ್ದೆವು. ಫಿರಂಗಿ ತೋಪು ಮುಟ್ಟಿ ನೋಡಿದೆ, ಬಿಸಿಲಿಗೆ ಹಂಚಿನಂತೆ ಕಾದಿತ್ತು." ಪಾಪನಾಶದ ಕೆರೆ, ಅಷ್ಟೂರಿನ ಗುಂಬಜ, ಎಲ್ಲವನ್ನೂ ಹೀಗೇ ಸುತ್ತಿದೆ. ಗಂಗು ಓದಿ ಹೇಳಬೇಕು, ಅವ್ವ ಸಮಾಧಾನದಿಂದ ಉಣ್ಣಬೇಕು. ಮಗಳು ಒಂಟಿಯಾಗಿದ್ದಾಳೆಂದು ಗೊತ್ತಾದರೆ ಅವಳು ಅನ್ನ ನೀರು ಬಿಡುವವಳೇ.

ಗುಡ್ಡದ ಮಗ್ಗುಲಿನ ಝರಣಿ ನರಸಿಂಹನ ವಿಷಯ ಬಂದಾಗ ಮಾತ್ರ ಖಾಲಾ ಕೈಯೆತ್ತಿದಳು. "ಹೊರಗ ನಿಂತು ನೋಡೀನಿ ಬೇಟಿ. ಗವಿ ಅದ, ಠಂಡಾ ಗಾಳಿ ಬರ್ತದ. ಒಳಗ ನಿಮ್ಮ ದೇವರು, ನನಗ ಹ್ಯಾಂಗ ಗೊತ್ತಿರಬೇಕು?" ಒಳಗಿನದನ್ನು ನಾನೇ ತುಂಬಿದೆ. ನುಣ್ಣಗಿನ ಕಲ್ಲಿನ ಕಟ್ಟೆ, ಅದರ ಮೇಲೆ ನಾನೂ ನಿಮ್ಮ ಮುತ್ಯಾನೂ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದದ್ದು, ತಂಪಿಗೆ ನನಗೆ ಜೊಂಪು ಹತ್ತಿದ್ದು. ಬರೆದ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು, ಅಷ್ಟು ಚೆನ್ನಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಅಪ್ಪ ಏನೋ ಕೆಲಸಕ್ಕೆ ಬಂದವನು ಗಂಗುವನ್ನು ಎರಡು ದಿನಕ್ಕೆಂದು ನಮ್ಮಲ್ಲಿ ಬಿಟ್ಟುಹೋದ. ಕಾಲು ತೊಳೆಯುವ ಮೊದಲೇ ಅವಳು ಹೇಳಿದಳು: "ಅಕ್ಕಾ, ಮೊದಲ ಝರಣಿಗಿ ನಡಿ. ಆ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ತಿನ್ನಬೇಕು." ಮುತ್ಯಾ ಬೇಡ ಅಂದಾರೆಂದು ಕಾದೆ. ಎಂದೂ ಬೇಗ ಬಾಯಿ ತೆರೆಯದವರು ಅಂದು ತೆರೆದರು: "ದೇವರಿಗೆ ತಾನೇ? ಇಬ್ಬರೂ ಹೋಗಿ ಬರ್ರಿ." ಟಾಂಗಾ ಕೂಡ ಹೇಳಿಬಂದರು.

ಮೆಟ್ಟಿಲಿಳಿದು ಗವಿಯ ಬಾಯಿಗೆ ಬಂದು ನೋಡಿದರೆ ಕಟ್ಟೆಯೂ ಇಲ್ಲ, ನೆಲವೂ ಇಲ್ಲ. ಕತ್ತಲೆ, ಕತ್ತಲೆಯ ತುಂಬ ನೀರು, ಮೇಲೆ ಸಾಲಾಗಿ ಜೋತುಬಿದ್ದ ಬಾವಲಿಗಳು. ಒಬ್ಬ ಮುದುಕ ಪೂಜಾರಿ ಕಂದೀಲು ಎತ್ತಿಕೊಂಡು ಎದೆಮಟ್ಟದ ನೀರಲ್ಲಿ ನಡೆದು ಹೊರಗೆ ಬರುತ್ತಿದ್ದ. ಗಂಗು ರೊಟ್ಟಿಗಂಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

"ಕಟ್ಟಿ ಎಲ್ಲಿ ಅದ ಅಕ್ಕಾ?"

"ಈ ವರ್ಷ ಮಳಿ ಜಾಸ್ತಿ ಆಗಿತ್ತಲ್ಲ, ಮುಳುಗ್ಯದ" ಎಂದೆ.

ಪೂಜಾರಿಗೆ ಕಿವಿ ಬಹಳ ಚುರುಕು. "ಏನ್ ಜಾಸ್ತಿ ತಾಯಿ! ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಇಷ್ಟೇ ನೀರು. ಕಟ್ಟಿನೂ ಇಲ್ಲ ಗಿಟ್ಟಿನೂ ಇಲ್ಲ. ಇಲ್ಲಿ ಕುಂತು ರೊಟ್ಟಿ ತಿನ್ನಬೇಕಂದ್ರ ಮೀನಾಗಿ ಹುಟ್ಟಬೇಕು."

ಗಂಗು ಸೀರೆಯ ಕಚ್ಚೆ ಬಿಗಿದು, ಗಂಟು ತಲೆಯ ಮೇಲಿಟ್ಟು, ನನ್ನ ಕೈ ಹಿಡಿದು ನೀರಿಗೆ ಎಳೆದಳು. ಪೂಜಾರಿ ಮುಂದೆ ಕಂದೀಲು ಹಿಡಿದ. ಮೊಣಕಾಲು, ಸೊಂಟ, ಎದೆ. ಡಾಬಕಾದ ಹಳ್ಳದಲ್ಲಿ ಕುರಿ ಮೈ ತೊಳೆಯುವಾಗಲೂ ನಾನು ಇಷ್ಟು ನೆನೆದಿರಲಿಲ್ಲ. ನಡುನೀರಿನಲ್ಲಿ ವಿಚಾರಣೆ ಶುರುವಾಯಿತು.

"ಕಿಲ್ಲೆ?"

"ನೋಡಿಲ್ಲ."

"ಗುಂಬಜ?"

"ಇಲ್ಲ."

"ಪಾಪನಾಶ?"

"ಅದೂ ಇಲ್ಲ. ಎಲ್ಲ ಖಾಲಾ ಹೇಳಿದ್ದು."

ಆಮೇಲೆ ಅವಳು ಮೆಲ್ಲಗೆ, "ಅಕ್ಕಾ, ಮತ್ತ ಇಡೀ ದಿನ ಏನ್ ಮಾಡ್ತಿ?" ಎಂದಳು. ಮುಖಕ್ಕೆ ನೀರು ಎರಚಿಕೊಂಡೆ, ಯಾವ ನೀರು ಯಾವುದೆಂದು ಅವಳಿಗೆ ತಿಳಿಯಬಾರದೆಂದು. ದೇವರೆದುರು ನಿಂತಾಗ ಏನೂ ಬೇಡಿಕೊಳ್ಳಲಿಲ್ಲ, ತಂಗಿಯ ಕೈಯನ್ನೇ ಹಿಡಿದು, "ಅವ್ವಗ ಹೇಳಬ್ಯಾಡ" ಎಂದೆ. "ನರಸಿಂಹನ ಆಣಿ, ಹೇಳಂಗಿಲ್ಲ" ಎಂದಳು. ಹಾಗೆನ್ನುವ ಹುರುಪಿನಲ್ಲಿ ತಲೆ ಅಲ್ಲಾಡಿಸಿ ಗಂಟನ್ನು ನೀರಿಗೆ ಬೀಳಿಸಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಹಿಟ್ಟಾಗಿ ಹೋಗಿದ್ದ ಆ ಜೋಳದ ರೊಟ್ಟಿಯನ್ನು ಬೆರಳಲ್ಲಿ ಬಳಿದು ತಿಂದೆವು. ಅಂಥ ರುಚಿಯ ಊಟ ಆಮೇಲೆ ನನಗೆ ಸಿಕ್ಕಿಲ್ಲ. ಸಂಜೆ ಮುತ್ಯಾ ಹಗ್ಗದ ಮೇಲಿನ ಒದ್ದೆ ಸೀರೆಗಳನ್ನು ಬಹಳ ಹೊತ್ತು ನೋಡಿ, "ಝರಣಿಯೊಳಗ ನೀರು ಇರತದೇನು?" ಎಂದು ಕೇಳಿದರು. ಹತ್ತು ವರ್ಷದಿಂದ ಬೀದರಿನಲ್ಲಿದ್ದವರು! ಅವತ್ತು ಮೊದಲ ಸಲ ನನಗೆ ಅವರ ಮೇಲೆ ಕನಿಕರ ಬಂತು.

ಹದಿನೈದು ದಿನಕ್ಕೆ ಗಂಗುವಿನ ಪತ್ರ ಬಂತು. "ನಾ ಆಣಿ ಮುರದಿಲ್ಲ. ಅವ್ವ ತಾನೇ ಅಂದಳು: 'ಆಕಿ ಒಬ್ಬಾಕಿನೇ ಇರ್ತಾಳಂತ ನನಗ ಮೊದಲನೇ ಪತ್ರಕ್ಕೇ ತಿಳದಿತ್ತು. ಊರು ತಿರಗಾಕಿಗೆ ನಾಕು ನಾಕು ಹಾಳಿ ತುಂಬಿಸಲಿಕ್ಕೆ ವ್ಯಾಳೆ ಎಲ್ಲಿಂದು? ಆದರೂ ಬರಿಯೋದು ಬಿಡಬ್ಯಾಡ ಅನ್ನು. ಬರಿಯೋ ತನಕ ಆದ್ರೂ ಆಕಿಗಿ ಜೋಡಿ ಇರತದ.'" ನನಗೆ ನಾಚಿಕೆಯಾಗಿ ಮುಂದಿನ ಎರಡು ಪತ್ರ ಅರ್ಧರ್ಧ ಹಾಳೆಯಲ್ಲಿ ಮುಗಿಸಿದೆ. ಮಗಳು ಕಾಯಿಲೆ ಬಿದ್ದಿದ್ದಾಳೆಂದು ಅವ್ವ ಹೆದರಿ, ಅಪ್ಪನ ಕೈಯಲ್ಲಿ ಕಷಾಯದ ಪುಡಿ ಕಳಿಸಿದಳು.

ಮಕ್ಕಳೇ, ಕೋಟೆ ನಾನು ಇನ್ನೂ ನೋಡಿಲ್ಲ. ನಿಮ್ಮ ಪ್ರಶ್ನೆಗೆ ಅಷ್ಟೇ ಉತ್ತರ, ಒಂದು ಸಾಲು ಸಾಕಿತ್ತು. ಉಳಿದದ್ದೆಲ್ಲ ಯಾಕೆ ಬರೆದೆನೆಂದು ನಿಮ್ಮಪ್ಪನನ್ನು ಕೇಳಬೇಡಿರಿ. ಅವನೂ ನನ್ನ ಅವ್ವನ ಮೊಮ್ಮಗನೇ, ಹಾಳೆ ಎಣಿಸಿಬಿಟ್ಟಾನು.